ಬ್ರೇಕ್ ಹಿಡಿದ ಕೈ

ನರಿಮೊಗರು
9 ಫೆಬ್ರವರಿ 2025

ನಿಖಿತಾಳ ಅಪ್ಪನಿಗೆ,

ಎದುರು ಕೂತು ಹೇಳಿದರೆ ನೀವು ಎದ್ದು ಹೋಗುತ್ತೀರಿ, ಅದಕ್ಕೇ ಈ ಕಾಗದ. ನಾನೂ ಮಗಳೂ ಅಕ್ಕನ ಮನೆಯಲ್ಲಿದ್ದೇವೆ. "ಶೀಲಾವತಿಗೆ ತಲೆ ಸರಿ ಇಲ್ಲ, ಎರಡು ದಿನದಲ್ಲಿ ಬರ್ತಾಳೆ" ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದಿರಂತೆ. ತಲೆ ಸರಿ ಇದ್ದುದರಿಂದಲೇ ಮನೆ ಬಿಟ್ಟು ಬಂದದ್ದು.

ನೆರೆಮನೆಯ ಝುಲೈಖಾಳ ಮಗ ಶಫೀಕ್ ಬಲವಂತದಿಂದ ಬೇರಿಂಗ್ ಗಾಡಿ ಹತ್ತಿ ನಿಖಿತಾಳನ್ನು ಹಿಂದಿನಿಂದ ತಬ್ಬಿ ಹಿಡಿದ ಎಂದು ನೀವು ಬರೆದುಕೊಟ್ಟ ದೂರು ಸುಳ್ಳು. ಅದೇ ನಿಜ ಎಂದಾದರೆ ಆ ಹುಡುಗ ಪುತ್ತೂರಿನ ಆಸ್ಪತ್ರೆಯ ಮಂಚದಿಂದ ನೇರ ಜೈಲಿಗೆ. ನಾಳೆ ನಿಖಿತಾ ಠಾಣೆಗೆ ಹೋಗಿ ನಿಜ ಹೇಳುತ್ತಾಳೆ. ನಾನು ಜೊತೆಗಿರುತ್ತೇನೆ.

ಅರಂತೋಡಿನ ನಮ್ಮ ಕೇರಿಯಲ್ಲಿ ಬೇರಿಂಗ್ ಗಾಡಿ ಹಬ್ಬ ಶುರು ಮಾಡಿದವರು ಯಾರು? ನಿಮ್ಮ ಅಪ್ಪ ತ್ಯಾಂಪಣ್ಣ ಮತ್ತು ಝುಲೈಖಾಳ ಮಾವ ಮೊಯ್ದಿನಬ್ಬ. ರಬ್ಬರ್ ಮರದ ಹಲಗೆಗೆ ಹಳೆ ಬೇರಿಂಗ್ ಸಿಕ್ಕಿಸಿ ಇಳಿಜಾರಿನಲ್ಲಿ ಬಿಡುವುದು. ಮುಂದೆ ಕೂತವರ ಕೈಯಲ್ಲಿ ತಿರುಗಿಸುವ ಹಗ್ಗ, ಹಿಂದೆ ಕೂತವರ ಕೈಯಲ್ಲಿ ಬ್ರೇಕ್. ಬ್ರೇಕ್ ಹಿಡಿಯುವವರು ಬೇರೆ ಜಾತಿ ಮತದ ಮನೆಯವರೇ ಆಗಬೇಕು ಎಂಬ ಕಟ್ಟಳೆ ಹಾಕಿದ್ದೂ ನಿಮ್ಮ ಅಪ್ಪನೇ. "ಜೀವ ಅವರ ಕೈಲಿದ್ರೆ ಜಗಳಕ್ಕೆ ಬಾಯಿ ಬರುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು. ಗಣರಾಜ್ಯ ದಿನ ಈ ಹಬ್ಬ ಬಂದರೆ ತಿನ್ನಲು ನಮ್ಮ ಗೋಳಿಬಜೆ, ಅವರ ಕಲ್ತಪ್ಪ; ತುಳು, ಅರೆಭಾಷೆ, ಬ್ಯಾರಿ, ಮಲಯಾಳಂ ಎಲ್ಲದರಲ್ಲೂ ಬೈಗುಳ. ಆ ಬೈಗುಳದಲ್ಲಿ ವಿಷ ಇರಲಿಲ್ಲ.

ಈ ಸಲ ಗಾಡಿ ಮಾಡಿದ್ದು ನೀವು, ನಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ. ಗಾಡಿ ಹಗುರ ಆಗಲಿ ಎಂದು ಬ್ರೇಕಿನ ಸರಳನ್ನು ಅರ್ಧಕ್ಕೆ ಕತ್ತರಿಸಿ ಮುಂದಿನವರ ಎಡ ಮೊಣಕಾಲಿನ ಪಕ್ಕಕ್ಕೆ ಬೆಸುಗೆ ಹಾಕಿದಿರಿ. ಹಿಂದಿನವರು ಅದನ್ನು ಹಿಡಿಯುವುದು ಹೇಗೆ ಎಂದು ಕೇಳಿದೆ. "ಶಫೀಕನ ಕೈ ಉದ್ದ ಉಂಟು. ಬ್ರೇಕಿಗೆ ಅವನೇ ಬೇಕು. ಬೇರೆಯವರಾದ್ರೆ ತಿರುವಿನಲ್ಲಿ ಕಣ್ಣು ಮುಚ್ತಾರೆ" ಎಂದಿರಿ. ಝುಲೈಖಾ ಬೇಲಿಯ ಆಚೆಯಿಂದ, "ಶೀಲಕ್ಕ, ನಿಮ್ಮವರು ಮಾಡುದು ಗಾಡಿಯಾ ವಿಮಾನವಾ? ನನ್ನ ಮಗನನ್ನು ಹಾರಿಸ್ಬೇಡಿ ಆಯ್ತಾ!" ಎಂದು ನಕ್ಕಳು. ನೀವೂ ನಕ್ಕಿರಿ. ನಾನು ನೋಡಿದ್ದೇನೆ.

ಹಬ್ಬದ ದಿನ ನಿಖಿತಾ ಹಗ್ಗ ಹಿಡಿದು ಮುಂದೆ, ಶಫೀಕ್ ಹಿಂದೆ ಕೂತಿದ್ದರು. ಮಸೀದಿ ತಿರುವಿನಲ್ಲಿ ಊರಿನವರಲ್ಲದ ಹುಡುಗರು ಬೈಕ್ ಅಡ್ಡ ಹಾಕಿ ಫೋನ್ ಎತ್ತಿ ನಿಂತಿದ್ದರು. ಗಾಡಿ ನೇರ ಬೈಕಿಗೇ ಹೋಗುತ್ತಿತ್ತು. ಶಫೀಕ್ ಬಗ್ಗಿ, ನಿಖಿತಾಳನ್ನು ಬಳಸಿ, ಎಡಗೈಯಲ್ಲಿ ಸರಳು ಎಳೆದ. ಗೇಣು ದೂರದಲ್ಲಿ ಗಾಡಿ ನಿಂತಿತು. ಮಗಳ ತಲೆ ಒಡೆಯದೆ ಉಳಿದದ್ದು ಹೀಗೆ. ಅದೇ ಗಳಿಗೆಯ ಫೋಟೊ ಸಂಜೆಗೆ ಎಲ್ಲರ ಫೋನಿನಲ್ಲಿ. ಫೋಟೊದಲ್ಲಿ ಬೈಕ್ ಇಲ್ಲ, ಸರಳು ಇಲ್ಲ. ತಬ್ಬಿದ ಹಾಗೆ ಕಾಣುವ ಎರಡು ದೇಹ ಮಾತ್ರ.

ಮರುದಿನ ಟಯರ್ ಅಂಗಡಿಯ ಕೆಲಸ ಮುಗಿಸಿ ಬರುತ್ತಿದ್ದ ಶಫೀಕನನ್ನು ರಬ್ಬರ್ ಶೀಟ್ ಒಣಗಿಸುವ ಶೆಡ್ಡಿನ ಹಿಂದೆ ಹುಡುಗರ ಗುಂಪೊಂದು ಎಳೆದುಕೊಂಡು ಹೋಗಿ ಹೊಡೆಯಿತು. ಹೊಡೆದವರು ಒಬ್ಬರೂ ಒಳಗಿಲ್ಲ. ಹೊಡೆಸಿಕೊಂಡವನ ಮಂಚದ ಪಕ್ಕ ಪೊಲೀಸ್ ಕಾವಲು. ಇದಕ್ಕೆ ನ್ಯಾಯ ಎಂದು ಹೆಸರು. ಆಸ್ಪತ್ರೆಯಲ್ಲಿ ಝುಲೈಖಾ ನನ್ನನ್ನು ಬೈಯಲಿಲ್ಲ. "ಅವನ ಎಡಗೈ ಬೆರಳು ಮಡಚುದಿಲ್ಲ ಶೀಲಕ್ಕ" ಎಂದಳು, ಅಷ್ಟೆ. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಮರ್ಯಾದೆಗಾಗಿ ಸಹಿ ಹಾಕಿದೆ ಎಂದಿರಿ. ಯಾರ ಮರ್ಯಾದೆ? ಮಗಳ ಮೈಮೇಲೆ ನಡೆಯದೇ ಇದ್ದದ್ದನ್ನು ನಡೆಯಿತು ಎಂದು ಠಾಣೆಯಲ್ಲಿ ಬರೆಸಿದವರು ನೀವು. ನಿಮಗೆ ಹೆದರಿಕೆ ಆಗಿರಬಹುದು, ಮನೆಗೆ ಜನ ಬಂದು ಒತ್ತಾಯ ಮಾಡಿರಬಹುದು ಎಂದು ನಿಮ್ಮ ಪರವಾಗಿ ನಾನೇ ವಾದ ಮಾಡಿಕೊಂಡೆ. ಹಾಗೆಂದು ನಂಬಲು ಬಹಳ ಕಷ್ಟಪಟ್ಟೆ.

ಗಾಡಿಯನ್ನು ಶೆಡ್ಡಿನಲ್ಲಿ ಹುಡುಕಬೇಡಿ. ನೀವು ಅದನ್ನು ಕತ್ತರಿಸಿ ಗುಜರಿಗೆ ಹಾಕುವ ಮೊದಲೇ ನಮ್ಮ ಕೇರಿಯ ಅದ್ರಾಮನ ಪಿಕಪ್ಪಿನಲ್ಲಿ ಹಾಕಿಸಿಕೊಂಡು ಬಂದಿದ್ದೇವೆ. ಇಲ್ಲಿ ಅಂಗಳದಲ್ಲಿ ನಿಖಿತಾ ಮುಂದೆ ಕೂತಳು, ನಾನು ಹಿಂದೆ ಕೂತೆ. ಅವಳನ್ನು ಬಳಸದೆ ಆ ಸರಳು ಸಿಗುವುದೇ ಇಲ್ಲ. ನಾಳೆ ಠಾಣೆಯ ಅಂಗಳದಲ್ಲಿ ಗಾಡಿ ಇಳಿಸಿ ದೂರು ತೆಗೆದುಕೊಂಡ ಸಾಹೇಬರಿಗೇ ಹಿಂದೆ ಕೂತು ಬ್ರೇಕ್ ಎಳೆಯಿರಿ ಎನ್ನುತ್ತೇನೆ. ನೋಡುವಾ, ಅವರು ಹೇಗೆ ಎಳೆಯುತ್ತಾರೆ ಎಂದು.

ತ್ಯಾಂಪಣ್ಣನ ಸೊಸೆ,
ಶೀಲಾವತಿ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಾರದೆ ಉಳಿಸಿದ್ದು: ಶೆಡ್ಡಿನ ಹಿಂದೆ ಹೊಡೆಯುವ ವಿಡಿಯೊವನ್ನೂ ಯಾರೋ ಹಂಚಿದ್ದಾರೆ. ಮುಖಗಳು ಕಾಣುವುದಿಲ್ಲ. ಆ ಹುಡುಗರು ಶಫೀಕನ ಬಲಗೈಗೆ ರಾಡ್ ಎತ್ತುತ್ತಾರೆ. ಆಗ ಹಿಂದಿನಿಂದ ಒಂದು ದನಿ ಹೇಳುತ್ತದೆ: "ಅದಲ್ಲ ಮಾರಾಯ, ಎಡಗೈ. ಬ್ರೇಕ್ ಹಿಡಿದದ್ದು ಎಡಗೈ." ದನಿ ಗುರುತಿಸಲು ನನಗೆ ಎರಡು ಸಲ ಕೇಳಬೇಕಾಗಿ ಬಂತು. ನಿಖಿತಾಳಿಗೆ ಒಂದೇ ಸಲ ಸಾಕಾಯಿತು. ಫೋನ್ ಕೆಳಗಿಟ್ಟು "ಅಪ್ಪ" ಎಂದಳು. ನಾಳೆ ಗಾಡಿಯ ಜೊತೆ ಆ ದನಿಯನ್ನೂ ಒಯ್ಯುತ್ತೇವೆ.