ಸೂಟ್‌ಕೇಸಿನಲ್ಲಿದ್ದ ಮೊಹರು

ಜೂನ್ ೩, ಸೋಮವಾರ

ಪುಟ್ಟೀ,

ಅಮ್ಮನ ಕಾಗದ ಇದು. ಹರಿದು ಹಾಕುವುದಾದರೆ ಓದಿ ಆಮೇಲೆ ಹರಿದು ಹಾಕು.

ಹತ್ತು ದಿನದ ವಿದೇಶ ಪ್ರವಾಸ ಮುಗಿಸಿ ಗುರುವಾರ ಬಂದೆ. ಇಲಾಖೆಯವರು ಹನ್ನೆರಡು ಜನ ಪ್ರಿನ್ಸಿಪಾಲರನ್ನು ಅಲ್ಲಿನ ಶಾಲೆಗಳನ್ನು ನೋಡಿ ಬನ್ನಿ ಎಂದು ಕಳಿಸಿದ್ದರು. ದೂರದ ಬೆಟ್ಟ ನುಣ್ಣಗೆ ಅಂತ ನನಗೇನು ಗೊತ್ತಿಲ್ಲವೇ? ಅಲ್ಲಿ ಒಂದು ಕೋಣೆಗೆ ಇಪ್ಪತ್ತು ಮಕ್ಕಳು, ನನ್ನಲ್ಲಿ ಐವತ್ತೆರಡು. ಜೊತೆಗೆ ಬಂದವರೆಲ್ಲ ಕಿಟಕಿ, ಬೆಂಚು, ಶೌಚಾಲಯಗಳ ಫೋಟೋ ಹೊಡೆದದ್ದೇ ಹೊಡೆದದ್ದು. ನಾನು ಮೂಗು ಮುರಿಯುತ್ತಾ ಹಿಂದೆ ಹಿಂದೆ ನಡೆದೆ.

ಹೊರಡುವ ಹಿಂದಿನ ದಿನ ನಾನು ಮಾಡಿದ ಕೆಲಸ ಕೇಳು. ಐದನೇ ತರಗತಿಯಲ್ಲಿ ನಪಾಸಾದವರನ್ನು ಅಲ್ಲೇ ಉಳಿಸಬೇಕೆಂದು ಈ ವರ್ಷ ಹೊಸ ನೀತಿ ಬಂದಿದೆ. ಅದರ ಕೊನೆಯಲ್ಲಿ ಒಂದು ಸಾಲಿದೆ: ಪ್ರಿನ್ಸಿಪಾಲರು ತಮ್ಮ ಜವಾಬ್ದಾರಿಯ ಮೇಲೆ ಮಕ್ಕಳನ್ನು ಮುಂದಕ್ಕೆ ಕಳಿಸಿ, ಹೆಚ್ಚಿನ ಪಾಠ ಹೇಳಿಕೊಡಬಹುದು. ಶಿಕ್ಷಕರ ಸಭೆಯಲ್ಲಿ ಆ ಸಾಲು ನಮ್ಮ ಶಾಲೆಗಲ್ಲ ಎಂದು ನಾನೇ ಹೇಳಿದೆ. ಹತ್ತೊಂಬತ್ತು ಮಕ್ಕಳ ಪಟ್ಟಿಗೆ ಸಹಿ ಹಾಕಿ, ನಾಳೆಯೇ ಇಲಾಖೆಗೆ ಕಳಿಸಿ ಅಂತ ಗುಮಾಸ್ತರ ಕೈಗೆ ಕೊಟ್ಟು ವಿಮಾನ ಹತ್ತಿದೆ. ಪಟ್ಟಿ ಒಮ್ಮೆ ಇಲಾಖೆ ಸೇರಿತೆಂದರೆ ಮುಗಿಯಿತು, ಹಿಂದಕ್ಕೆ ಪಡೆಯುವ ಮಾತೇ ಇಲ್ಲ.

ಏಳನೇ ದಿನ ಒಂದು ಶಾಲೆಯಲ್ಲಿ ನಮ್ಮನ್ನೂ ಐದನೇ ತರಗತಿಯ ಮಕ್ಕಳ ಜೊತೆ ಕೂರಿಸಿ ಲೆಕ್ಕದ ಹಾಳೆ ಕೊಟ್ಟರು. ಪ್ರಶ್ನೆಗಳೆಲ್ಲ ಅವರ ಭಾಷೆಯಲ್ಲಿ. ಮೂವತ್ತು ವರ್ಷ ಲೆಕ್ಕ ಕಲಿಸಿದವಳು ನಾನು. ಹತ್ತರಲ್ಲಿ ಎರಡು ಸರಿಯಾಯಿತು. ಪಕ್ಕದಲ್ಲಿದ್ದ ಜಡೆಯ ಹುಡುಗಿ ನನ್ನ ಅವಸ್ಥೆ ನೋಡಲಾರದೆ ಬಸ್ಸು, ಅದರೊಳಗೆ ಜನ, ಇಳಿದುಹೋಗುವವರು, ಎಲ್ಲ ಚಿತ್ರ ಬರೆದು ತೋರಿಸಿದಳು. ಓ, ಇಷ್ಟೇನಾ ಅನ್ನಿಸಿತು! ಜೊತೆಯವರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮಾತ್ರ ಅಳು ಬಂತು ಕಣೇ. ನೀನು ನನ್ನದೇ ಶಾಲೆಯಲ್ಲಿ ಐದನೇ ತರಗತಿಗೆ ಎರಡನೇ ವರ್ಷ ಕೂತದ್ದು ನೆನಪಾಯಿತು. ನಿನಗಿಂತ ಗೇಣುದ್ದ ಚಿಕ್ಕ ಮಕ್ಕಳ ನಡುವೆ, ತಲೆ ಎತ್ತದೆ, ಇಡೀ ವರ್ಷ. ನಾನು ದಿನಾ ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದೆ. ಒಂದು ದಿನವೂ ಒಳಗೆ ಬಂದು ನಿನ್ನ ಪಕ್ಕ ಕೂರಲಿಲ್ಲ.

ಹೊರಗೆ ಓಡಿಬಂದು ಗುಮಾಸ್ತರಿಗೆ ಫೋನ್ ಮಾಡಿದೆ. ಪಟ್ಟಿ ಹೋಯಿತೇ ಎಂದು ಕೇಳಿದೆ. ಅವರು, ಬೈಬೇಡಿ ಮೇಡಂ, ಪಟ್ಟಿ ಇಲ್ಲೇ ಇದೆ, ಇಡೀ ಆಫೀಸು ತಲೆಕೆಳಗು ಮಾಡಿ ಹುಡುಕಿದ್ರೂ ಶಾಲೆ ಮೊಹರು ಸಿಗ್ಲಿಲ್ಲ, ಮೊಹರಿಲ್ದೆ ಇಲಾಖೆಯವರು ತಗೊಳ್ಳಲ್ಲ ಅಂತ ಗೋಗರೆದರು.

ಎಲ್ಲಿಂದ ಸಿಗಬೇಕು? ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಪಟ್ಟಿಗೆ ಒತ್ತುವುದನ್ನೂ ಮರೆತು, ಯಾರನ್ನೂ ನಂಬದೆ ಮೊಹರನ್ನು ಕರ್ಚೀಫಿನಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿ ಸ್ವೆಟರಿನ ಕೆಳಗೆ ಇಟ್ಟುಕೊಂಡು ಸಮುದ್ರ ದಾಟಿದ್ದೆ! ಆ ಶಾಲೆಯ ಮೆಟ್ಟಿಲ ಮೇಲೆ ಕೂತು ಎಷ್ಟು ನಕ್ಕೆನೆಂದರೆ, ಜಡೆಯ ಹುಡುಗಿ ನೀರು ತಂದುಕೊಟ್ಟಳು. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಬಂದವಳೇ ಆ ಪಟ್ಟಿ ಹರಿದೆ. ಹತ್ತೊಂಬತ್ತೂ ಮಕ್ಕಳು ಆರನೇ ತರಗತಿಗೆ ಹೋಗಿದ್ದಾರೆ. ಜವಾಬ್ದಾರಿ ನನ್ನದೆಂದು ಬರೆದು ಮೊಹರು ಒತ್ತಿ ಕಳಿಸಿದೆ. ದಿನಾ ಬೆಳಿಗ್ಗೆ ಎಂಟಕ್ಕೆ ಅವರಿಗೆ ನಾನೇ ಲೆಕ್ಕ ಹೇಳಿಕೊಡಬೇಕು. ಇವತ್ತು ಮೊದಲ ದಿನ, ಹದಿನೇಳು ಜನ ಬಂದಿದ್ದರು. ಬಸ್ಸಿನ ಚಿತ್ರ ಬರೆದೆ. ಇದು ಬಸ್ಸಾ ಎಮ್ಮೆನಾ ಮಿಸ್ ಅಂತ ಒಬ್ಬಳು ಕೇಳಿದಳು. ಎಷ್ಟೋ ವರ್ಷದ ಮೇಲೆ ತರಗತಿಯಲ್ಲಿ ನಕ್ಕೆ.

ನನ್ನ ಶಾಲೆಗೂ ನಿನಗೂ ಎಣ್ಣೆ ಸೀಗೆಕಾಯಿ, ಗೊತ್ತು. ಆದರೂ ಇದನ್ನು ಮೊದಲು ನಿನಗೇ ಹೇಳಬೇಕೆನ್ನಿಸಿತು. ಮೊಮ್ಮಗಳಿಗೆ ಮುತ್ತು ಕೊಡು. ಅಳಿಯಂದಿರ ಬೆನ್ನುನೋವು ಹೇಗಿದೆ?

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ವರ್ಷ ನಿನಗೆ ಲೆಕ್ಕದಲ್ಲಿ ಎರಡೇ ಅಂಕ ಕಡಿಮೆ ಬಿದ್ದಿತ್ತು. ನಾನು ಹೊಸದಾಗಿ ಪ್ರಿನ್ಸಿಪಾಲ್ ಆಗಿದ್ದೆ. ನಾಲ್ಕು ಮಕ್ಕಳಿಗೆ ಐದೈದು ಕೃಪಾಂಕ ಕೊಟ್ಟು ಪಾಸು ಮಾಡಿದೆ. ಮಗಳಿಗೆ ಕೊಟ್ಟರೆ ಜನ ಆಡಿಕೊಳ್ಳುತ್ತಾರೆಂದು ನಿನಗೆ ಕೊಡಲಿಲ್ಲ. ನಿಯಮ ಪುಟ್ಟಿ, ನಾನೇನು ಮಾಡಲಿ ಎಂದು ನಿನಗೆ ಹೇಳಿದ್ದು ಸುಳ್ಳು. ಇಪ್ಪತ್ತೆರಡು ವರ್ಷದ ಮೇಲೆ ಹೇಳಿಬಿಟ್ಟೆ, ಎದೆ ಹಗುರಾಯಿತು. ತಪ್ಪಾಯಿತು ಕಂದಾ. ಬೈಯಬೇಕು ಅನ್ನಿಸಿದರೆ ಫೋನಿನಲ್ಲಿ ಬೇಡ, ಮನೆಗೇ ಬಂದು ಹೊಟ್ಟೆ ತುಂಬ ಬೈದು ಹೋಗು. ಬೆಳಿಗ್ಗೆ ಎಂಟಕ್ಕೆ ಮಾತ್ರ ಬರಬೇಡ, ಪಾಠ ಇರುತ್ತದೆ.