ಬೀಗರ ಕಿಲ್ಟು

ವೆಸ್ಟ್‌ಮಂಟ್, ಇಲಿನಾಯ್
೧೨ ಸೆಪ್ಟೆಂಬರ್ ೨೦೦೪

ಪ್ರೀತಿಯ ಭಾನು ಅತ್ತಿಗೆಗೆ,

ಸರಳಾಳ ನಮಸ್ಕಾರಗಳು. ಮಂಡಿ ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತುತ್ತಿದ್ದೀರಂತೆ, ಕೇಳಿ ಸಂತೋಷವಾಯಿತು. ಮೈಸೂರಿನಿಂದ ನೀವು ಬರೆದ ಕಾಗದ ಜುಲೈನಲ್ಲೇ ಕೈ ಸೇರಿತು. ಉತ್ತರ ಬರೆಯಲು ಇಷ್ಟು ದಿನ ಮಾಡಿದೆ, ಬೈದುಕೊಳ್ಳಬೇಡಿ. ಮದುವೆಯ ಗಡಿಬಿಡಿ ಎನ್ನುವುದು ಅರ್ಧ ನಿಜ. ಇನ್ನರ್ಧ ಆ ಕಿಲ್ಟು. ಫೋನಿನಲ್ಲಿ ಸುದ್ದಿ ಕೇಳಿ, "ಏನೇ ಸರಳಾ, ನಮ್ಮ ಅನುಜ್ ಮದ್ವೇಲಿ ಲಂಗ ಹಾಕ್ಕೋತಾನಾ?" ಅಂತ ನಕ್ಕಿರಲ್ಲ, ಈಗ ಪೂರ್ತಿ ಕಥೆ ಕೇಳಿ.

ನನ್ನ ಸೊಸೆಯಾಗುವ ಕರ್ಸ್ಟಿಯ ಅಪ್ಪ ಸ್ಕಾಟ್ಲೆಂಡಿನವರು. ಡೆಟ್ರಾಯಿಟ್ ಕಡೆ ಕಾರ್ಖಾನೆಯಲ್ಲಿ ದುಡಿದು, ರಜಾ ದಿನಗಳಲ್ಲಿ ಮೆರವಣಿಗೆಯ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದುತ್ತಿದ್ದರಂತೆ. ಹೋದ ವರ್ಷ ತೀರಿಕೊಂಡರು. ಅಲ್ಲಿನ ಗಂಡಸರು ಉಡುವ ನೆರಿಗೆ ಲಂಗಕ್ಕೇ ಕಿಲ್ಟು ಅನ್ನುವುದು; ಅವರದನ್ನು ಅನುಜ್ ಉಟ್ಟುಕೊಳ್ಳಬೇಕು, ಹಾಗಾದರೂ ಅಪ್ಪ ಮದುವೆಗೆ ಬಂದಂತಾಗುತ್ತದೆ ಎಂಬುದು ಆ ಹುಡುಗಿಯ ಒಂದೇ ಆಸೆ. ಬೆಳಿಗ್ಗೆ ಲೆಮಾಂಟ್ ದೇವಸ್ಥಾನದಲ್ಲಿ ಪಂಚೆ, ಸಂಜೆ ಊಟದ ಹಾಲಿನಲ್ಲಿ ಕಿಲ್ಟು ಎಂದು ಮಾತಾಯಿತು. ತೊಡಕು ಒಂದೇ: ಬೀಗರು ಕಣಜದಂಥ ಆಳು, ನಮ್ಮವನು ಹಂಚಿಕಡ್ಡಿ.

ಅದನ್ನು ತರಲು ನಾನೂ ಅನುಜ್ ಜೊತೆ ಡೆಟ್ರಾಯಿಟ್ ಪಕ್ಕದ ವಿಕ್ಸಮ್‌ವರೆಗೆ, ಬೀಗರ ಮನೆಗೆ ಹೋದೆ. ಬೀಗಿತ್ತಿ ಐಲೀನ್ ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಹಳೆಯ ಮರದ ಪೆಟ್ಟಿಗೆ ತೆರೆದರು. ಹೊಗೆಸೊಪ್ಪು, ಬೆವರು, ಪೆಪ್ಪರ್‌ಮಿಂಟು ಎಲ್ಲ ಕಲೆತ ವಾಸನೆ ಮೂಗಿಗೆ ಹೊಡೆಯಿತು. ಹಸಿರು-ನೀಲಿ ಚೌಕುಳಿಯ ದಪ್ಪ ಉಣ್ಣೆ, ಹಿಂದೆಲ್ಲ ನೆರಿಗೆ. ಐಲೀನ್ ಅದನ್ನು ಎತ್ತಿಕೊಂಡವರೇ ಪೆಟ್ಟಿಗೆಯ ಮುಚ್ಚಳವನ್ನು ಗಬಕ್ಕನೆ ಹಾಕಿಬಿಟ್ಟರು. ಇದೇನು ಅವಸರ ಎಂದುಕೊಂಡೆ.

ನಿಮಗೆ ಗೊತ್ತಲ್ಲ ಅತ್ತಿಗೆ, ಹೋದವರ ಬಟ್ಟೆಯನ್ನು ನಮ್ಮಲ್ಲಿ ಮನೆಯಲ್ಲೇ ಇಡುವುದಿಲ್ಲ. ನಿಮ್ಮ ತಮ್ಮ ಹೋದಾಗ ನೀವು ಬಂದು, ನಾವಿಬ್ಬರೂ ಸೇರಿ ಎಲ್ಲ ಮೂಟೆ ಕಟ್ಟಿ ದಾನಕ್ಕೆ ಕೊಟ್ಟೆವಲ್ಲ. ಇಲ್ಲಿ ನೋಡಿದರೆ ಅದನ್ನುಟ್ಟು ಮದುವೆ! ಮನೆಗೆ ಬಂದವಳೇ, ಒಳಗೆ ತರುವ ಮೊದಲು ನೀರು ಮುಟ್ಟಿಸಿಬಿಡೋಣ ಎಂದು ಗರಾಜಿನಲ್ಲಿ ಟಬ್ ಇಟ್ಟು, ನೀವು ಕೊಟ್ಟಿದ್ದ ಅಂಟುವಾಳದ ಪುಡಿ ಕದಡಿ, ಮುಳುಗಿಸಿಯೇಬಿಟ್ಟೆ. ಮಾರನೆಯ ದಿನ ನೋಡುತ್ತೇನೆ, ನೆರಿಗೆಯ ಗೆರೆಗಳೆಲ್ಲ ಮಾಯ, ಜೋಲುಬಿದ್ದ ಕಂಬಳಿ! "ಅಮ್ಮಾ, ವಾಟ್ ಡಿಡ್ ಯು ಡೂ?" ಎಂದು ಅನುಜ್ ತಲೆಯ ಮೇಲೆ ಕೈಯಿಟ್ಟು ಕೂತ. ಕಿಲ್ಟು ಹೊಲಿಯುವವರಿಗೆ ಫೋನ್ ಮಾಡಿದರೆ, ಕತ್ತರಿ ಹಾಕುವ ಹಾಗಿಲ್ಲ, ಪೂರ್ತಿ ಬಿಚ್ಚಿ ನೆರಿಗೆ ಹೊಸದಾಗಿ ಹಿಡಿಯಬೇಕು, ಕ್ರಿಸ್‌ಮಸ್‌ವರೆಗೂ ಪುರುಸೊತ್ತಿಲ್ಲ ಎಂದರು. ಮದುವೆ ಅಕ್ಟೋಬರಿನಲ್ಲಿ.

ಮಾಡಿದ್ದುಣ್ಣೋ ಮಹಾರಾಯ ಎಂದು ನಾನೇ ಸೂಜಿ ಹಿಡಿದೆ. ಅನುಜ್‌ಗೆ ಹೇಳಿದೆ, "ದಿನಾ ಆರು ಗಜಕ್ಕೆ ನೆರಿಗೆ ಹಿಡಿಯೋ ಕೈ ಕಣೋ ಇದು, ಹೆದರ್ಕೋಬೇಡ." ಹೊಲಿಗೆ ಬಿಚ್ಚಿದರೆ ಒಳಗೊಂದು ಆಶ್ಚರ್ಯ. ನೆರಿಗೆಯ ಮಡಿಕೆಯೊಳಗೆ ಇನ್ನೊಂದು ಹೊಲಿಗೆಯ ಗುರುತು, ಅದರಾಚೆ ಮತ್ತೊಂದು. ಐಲೀನ್‌ಗೆ ಫೋನ್ ಮಾಡಿ ಕೇಳಿದೆ. ಜೋರಾಗಿ ನಕ್ಕರು. ಗಂಡನಿಗೆ ಹೊಟ್ಟೆ ಬಂದಾಗಲೆಲ್ಲ ಅವರೇ ಸಡಿಲ ಮಾಡಿ ಹೊಲಿಯುತ್ತಿದ್ದರಂತೆ. ತಮ್ಮ ಮದುವೆಯ ದಿನ ಗಂಡನೂ ನಮ್ಮ ಅನುಜ್‌ನಷ್ಟೇ ಸಣಕಲು ಎಂದರು. ಎಲ್ಲಕ್ಕಿಂತ ಹಳೆಯ ಗುರುತಿನ ಮೇಲೇ ಹೊಲಿದೆ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಅನುಜ್‌ಗೆ ಅಳತೆ ತೆಗೆದಂತೆ ಕೂತಿತು. ನಿಮ್ಮಾಣೆ ಅತ್ತಿಗೆ, ರಾಜಕುಮಾರನ ಹಾಗೆ ಕಂಡ. ದೃಷ್ಟಿ ತೆಗೆದೆ.

ನೀವು ಬರಲಾಗದಿದ್ದರೂ ಮಕ್ಕಳಿಗೆ ಅಲ್ಲಿಂದಲೇ ಅಕ್ಷತೆ ಹಾಕಿ. ಕರ್ಸ್ಟಿ ನಿಮ್ಮ ಫೋಟೋ ನೋಡಿ, "ಶಿ ಲುಕ್ಸ್ ಲೈಕ್ ಅನುಜ್" ಎಂದಳು. ಒಳ್ಳೆಯ ಹುಡುಗಿ. ಅವರಿಬ್ಬರೂ ನೂರ್ಕಾಲ ಚೆನ್ನಾಗಿರಲಿ ಎಂದು ಹರಸಿ.

ನಿಮ್ಮ
ಸರಳಾ

ತಾ.ಕ.: ಒಂದು ಸಂಗತಿಯನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅನುಜ್ ಅಳತೆ ನೋಡಿ ಕಿಲ್ಟು ಬಿಚ್ಚಿಟ್ಟ ಮೇಲೆ, ನೋಡಲು ಬಂದಿದ್ದ ಕರ್ಸ್ಟಿ ಅದನ್ನೆತ್ತಿ ಮುಖಕ್ಕೆ ಒತ್ತಿ ಹಿಡಿದಳು. ಇನ್ನೊಂದು ಕಡೆ ತಿರುಗಿಸಿ ಮತ್ತೆ ಒತ್ತಿ ಹಿಡಿದಳು. ಆಮೇಲೆ ನನ್ನನ್ನು ನೋಡಿ, "ಇಟ್ಸ್ ಸೋ ಕ್ಲೀನ್, ಆಂಟಿ. ಥ್ಯಾಂಕ್ಯೂ" ಎಂದು ನಕ್ಕಳು. ಕಣ್ಣು ತುಂಬಿತ್ತು. ಐಲೀನ್ ಪೆಟ್ಟಿಗೆಯನ್ನು ಅಷ್ಟು ಬೇಗ ಏಕೆ ಮುಚ್ಚಿದರೆಂದು ನನಗೆ ಆಗ ತಿಳಿಯಿತು. ಅವಳ ಅಪ್ಪನನ್ನು ನಾನು ಅಂಟುವಾಳ ಹಾಕಿ ತೊಳೆದುಬಿಟ್ಟಿದ್ದೆ.

ಅವತ್ತಿನಿಂದ ಇವರ, ನಿಮ್ಮ ತಮ್ಮನ ವಾಸನೆಯನ್ನು ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದೇನೆ. ಬರುತ್ತಿಲ್ಲ. ಮೈಸೂರಿಗೆ ಬಂದಾಗ ಇವರು ಹೊದೆಯುತ್ತಿದ್ದ ಬೂದು ಶಾಲು ನಿಮ್ಮ ಬೀರುವಿನಲ್ಲಿತ್ತು. ಅದನ್ನೂ ಯಾರಿಗಾದರೂ ಕೊಟ್ಟಿದ್ದರೆ ಬೇಸರವಿಲ್ಲ, ಪದ್ಧತಿಯಂತೆ ಮಾಡಿದ್ದೀರಿ. ಇದ್ದರೆ, ನಿಮ್ಮ ಮಗ ಮದುವೆಗೆ ಬರುವಾಗ ಕಳಿಸಿಕೊಡಿ. ಅನುಜ್ ಬೆಳಿಗ್ಗೆ ಪಂಚೆಯ ಮೇಲೆ ಹೊದೆಯಲಿ.

ನೀರು ಮಾತ್ರ ಮುಟ್ಟಿಸಬೇಡಿ, ಅತ್ತಿಗೆ.