ಮೂರರ ಜೋಡಿ

ಪರಶಣ್ಣಾ,

ನೀನು ಗಜೇಂದ್ರಗಡ ಬಿಟ್ಟು ಎರಡು ವರ್ಷವಾಯಿತು. ವಿಳಾಸ ಗೊತ್ತಿಲ್ಲ, ಆದರೂ ನಿನ್ನ ಮಗ್ಗದ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಇಂದು ಮಧ್ಯಾಹ್ನ ರೋಣ ರಸ್ತೆಯಲ್ಲಿರುವ ವೀರಭದ್ರಪ್ಪನ ಇಸ್ಪೀಟಿನ ಶೆಡ್ಡಿಗೆ ಹೋಗಿ ನಾನೂ ಪೋಕರ್ ಆಡಿದೆ. ನೀನು ಅಲ್ಲಿ ಸೋತ ಬೈಕನ್ನು ಗೆದ್ದು ತರಬೇಕೆಂದಿತ್ತು. ಕೈಗೆ ಮೂರರ ಜೋಡಿ ಬಂತು. ಮೊದಲು ಪಣ ಹೇಳುವ ಸರದಿ ನನ್ನದು, ಆಮೇಲೆ ವೀರಭದ್ರಪ್ಪನದು. “ಸಣ್ಣ ಜೋಡಿ ಹಿಡಕೊಂಡು ಮೊದಲ ಬಾಯಿ ಬಿಡಬ್ಯಾಡ, ಎಲಿ ಕೆಳಗ ಇಟ್ಟಬಿಡು” ಅಂತ ಕಲಿಸಿದವನು ನೀನೇ. ನೀನು ಮಾತ್ರ ಎಂದೂ ಇಡುತ್ತಿರಲಿಲ್ಲ. ನಾನೂ ಇಡಲಿಲ್ಲ.

ಮೇಜಿನ ನಡುವೆ ಬಿಚ್ಚಿದ ಎಲೆಗಳಲ್ಲಿ ಇನ್ನೊಂದು ಮೂರು ಬಿತ್ತು; ಈಗ ನನ್ನ ಕೈ ಯಾವ ಜೋಡಿಗಿಂತಲೂ ದೊಡ್ಡದು. ಮುಖದಲ್ಲಿ ಏನೂ ತೋರಗೊಡದೆ ಪಣ ಏರಿಸಿದೆ. ವೀರಭದ್ರಪ್ಪ ನನ್ನ ಮುಖ ನೋಡಲೇ ಇಲ್ಲ. ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿದ. ತನ್ನ ಎರಡೂ ರಾಜಾಗಳನ್ನು ಅಂಗಾತ ಇಟ್ಟು ಆಟ ಬಿಟ್ಟುಕೊಟ್ಟ.

“ಚಲೋ ಎಲಿ ಬಂದಾಗ ನಿಮ್ಮಣ್ಣನ ಕಾಲೂ ಹಿಂಗ ಮಗ್ಗ ತುಳೀತಿದ್ವು, ತಮ್ಮಾ,” ಎಂದ. “ನಾಳಿ ಬಾ. ಪಣಕ್ಕ ಬೈಕ್ ನಾ ಇಡತೇನಿ, ಮಗ್ಗ ನೀ ಇಡು.”

ನಿನ್ನ ಕಾಲು ನನಗೂ ಕಾಣುತ್ತಿದ್ದವು, ಅಣ್ಣಾ. ನೀನು ಆಡುವಾಗೆಲ್ಲ ನಿನ್ನ ಬೆನ್ನ ಹಿಂದೆಯೇ ನಿಂತಿರುತ್ತಿದ್ದೆ.

ನಾಳೆ ಹೋಗುವುದಿಲ್ಲ ಎಂದು ನಿನಗೆ ಬರೆದು ತಿಳಿಸಲು ಕುಳಿತವನು ನಾನು. ನೂಲಿಲ್ಲದ ಮಗ್ಗವನ್ನು ನನ್ನ ಕಾಲು ಆಗಿನಿಂದ ತುಳಿಯುತ್ತಲೇ ಇವೆ.